ಮನೆಯ ಹಿರಿಯರಿಗೆ ಡಿಮೆನ್ಷಿಯಾ: ಯಾವ ಕೆಲಸ ಮೊದಲು, ಯಾವುದು ಆಮೇಲೆ

ಅಪ್ಪ ಹತ್ತು ನಿಮಿಷದ ಹಿಂದೆ ಕೇಳಿದ್ದನ್ನೇ ಮತ್ತೆ ಕೇಳುತ್ತಾರೆ. ಅಮ್ಮ ಸಾರಿಗೆ ಎರಡೆರಡು ಸಲ ಉಪ್ಪು ಹಾಕುತ್ತಾರೆ, ಇಲ್ಲವೇ ಹಾಕುವುದನ್ನೇ ಮರೆಯುತ್ತಾರೆ. ವರ್ಷಗಟ್ಟಲೆ ಓಡಾಡಿದ ಬೀದಿಯಲ್ಲೇ ನಿಂತು, ಮನೆ ಯಾವ ಕಡೆ ಎಂದು ತಿಳಿಯದೆ ಗಾಬರಿಯಾಗುತ್ತಾರೆ. ಮನೆಯವರು ‘ವಯಸ್ಸಾಯ್ತು, ಅರಳುಮರುಳು’ ಎಂದು ಸುಮ್ಮನಾಗುತ್ತಾರೆ. ಹೀಗೆ ಸುಮ್ಮನಿದ್ದ ಒಂದೆರಡು ವರ್ಷಗಳಲ್ಲೇ ಮಾಡಬಹುದಾಗಿದ್ದ ಎಷ್ಟೋ ಕೆಲಸಗಳ ಸಮಯ ಮೀರಿಹೋಗುತ್ತದೆ.

ಇದು ಡಿಮೆನ್ಷಿಯಾ, ಅಂದರೆ ನೆನಪು, ತಿಳುವಳಿಕೆ ಕುಂದುತ್ತಾ ಹೋಗುವ ಮಿದುಳಿನ ಕಾಯಿಲೆ ಇರಬಹುದು. ಇದು ಅಪರೂಪದ್ದಲ್ಲ. 2023ರಲ್ಲಿ ಪ್ರಕಟವಾದ ದೇಶವ್ಯಾಪಿ ಅಧ್ಯಯನವೊಂದರ ಪ್ರಕಾರ ಭಾರತದಲ್ಲಿ 60 ದಾಟಿದವರಲ್ಲಿ ಸುಮಾರು ಶೇ. 7.4ರಷ್ಟು ಜನರಿಗೆ ಡಿಮೆನ್ಷಿಯಾ ಇದೆ. ಅಂದರೆ ಸುಮಾರು 88 ಲಕ್ಷ ಜನ. ಗಂಡಸರಿಗಿಂತ ಹೆಂಗಸರಲ್ಲಿ ಜಾಸ್ತಿ, ಪೇಟೆಗಿಂತ ಹಳ್ಳಿಗಳಲ್ಲಿ ಜಾಸ್ತಿ. ಇದು ಬೆಂಗಳೂರಿನವರ ಕಾಯಿಲೆ ಎಂದುಕೊಂಡಿದ್ದರೆ ಅದನ್ನು ಮೊದಲು ಬಿಡಿ.

ಡಿಮೆನ್ಷಿಯಾಕ್ಕೆ ಮುಖ್ಯ ಕಾರಣವಾದ ಅಲ್ಜೈಮರ್ಸ್‌ನಂಥ ಕಾಯಿಲೆಯನ್ನು ವಾಸಿ ಮಾಡುವ ಔಷಧಿ ಇನ್ನೂ ಬಂದಿಲ್ಲ. ಆದರೆ ಮನೆಯವರು ಮಾಡಬೇಕಾದ ಕೆಲಸ ತುಂಬಾ ಇದೆ, ಅದಕ್ಕೊಂದು ಕ್ರಮವೂ ಇದೆ. ಕೆಲವನ್ನು ಹಿರಿಯರಿಗೆ ಬುದ್ಧಿ ಸ್ಪಷ್ಟವಾಗಿರುವಾಗಲೇ ಮುಗಿಸಬೇಕು. ಕೆಲವನ್ನು ನೋಡಿಕೊಳ್ಳುವವರು ಸೋತುಹೋಗುವ ಮೊದಲೇ ಮಾಡಬೇಕು. ನಮ್ಮ ಅತ್ತೆಯವರನ್ನು ಕೊನೆಯವರೆಗೆ ಮನೆಯಲ್ಲೇ ನೋಡಿಕೊಂಡವಳಾಗಿ, ಆ ಕ್ರಮದಲ್ಲೇ ಇಲ್ಲಿ ಬರೆದಿದ್ದೇನೆ.

1. ಕಂಡದ್ದನ್ನು ಬರೆದಿಡಿ, ಡಾಕ್ಟರಿಗೆ ತೋರಿಸಿ

ಒಂದು ನೋಟ್‌ಬುಕ್ ಇಟ್ಟುಕೊಳ್ಳಿ. ಎರಡು ಮೂರು ವಾರ, ಏನಾಯಿತು, ಯಾವ ದಿನ ಆಯಿತು ಎಂದು ಚಿಕ್ಕದಾಗಿ ಬರೆಯಿರಿ. ಮದುವೆಯಲ್ಲಿ ಸಿಕ್ಕವರ ಹೆಸರು ಮರೆಯುವುದು ಯಾರಿಗಾದರೂ ಆಗುತ್ತದೆ. ಆ ಮದುವೆಗೆ ಹೋಗಿದ್ದೇ ನೆನಪಿಲ್ಲ ಎಂದರೆ ಅದನ್ನು ಬರೆಯಬೇಕು. ಚಿಲ್ಲರೆ ಎಣಿಸಲು ತಡವರಿಸುವುದು, ಮಾತ್ರೆ ಎರಡು ಸಲ ನುಂಗುವುದು, ಗೊತ್ತಿರುವ ಅಡುಗೆಯಲ್ಲೇ ಕೈ ನಿಲ್ಲುವುದು, ಸಮಾಧಾನದ ಮನುಷ್ಯ ಇದ್ದಕ್ಕಿದ್ದಂತೆ ಸಿಡುಕುವುದು, ಇವೆಲ್ಲ ಮುಖ್ಯ.

ಏಕೆ ಬರೆಯಬೇಕು ಅಂದರೆ, ಡಾಕ್ಟರ ಮುಂದೆ ಅವರು ಚೆನ್ನಾಗಿಯೇ ಮಾತಾಡುತ್ತಾರೆ. ನಗುತ್ತಾರೆ, ‘ನನಗೇನಾಗಿದೆ? ಇವರೇ ಸುಮ್ನೆ ಕರ್ಕೊಂಡು ಬಂದಿದ್ದಾರೆ’ ಅನ್ನುತ್ತಾರೆ. ಡಾಕ್ಟರಿಗೆ ಸಿಗುವುದು ಕೆಲವೇ ನಿಮಿಷ. ನಿಮ್ಮ ಚೀಟಿಯನ್ನು ಮೊದಲೇ ಅವರ ಕೈಗೆ ಕೊಡಿ. ಹಿರಿಯರನ್ನು ಎದುರಿಗೆ ಕೂರಿಸಿಕೊಂಡು ತಪ್ಪುಗಳ ಪಟ್ಟಿ ಓದಬೇಡಿ. ಅದು ಅವರಿಗೆ ಆಗುವ ಅವಮಾನ. ಮರೆವು ಇದ್ದರೂ ಅವಮಾನದ ನೋವು ಮನಸ್ಸಿನಲ್ಲಿ ಉಳಿಯುತ್ತದೆ.

ಮರೆವೆಲ್ಲ ಡಿಮೆನ್ಷಿಯಾ ಅಲ್ಲ. ವಿಟಮಿನ್ ಬಿ12 ಕೊರತೆ, ಥೈರಾಯ್ಡ್ ತೊಂದರೆ, ರಕ್ತದಲ್ಲಿ ಸೋಡಿಯಂ ಇಳಿಯುವುದು, ಖಿನ್ನತೆ, ಕೆಲವು ನಿದ್ದೆಮಾತ್ರೆ ಮತ್ತು ಅಲರ್ಜಿ ಮಾತ್ರೆಗಳು, ಇವೂ ಹಾಗೆಯೇ ಕಾಣಿಸುತ್ತವೆ. ಬಿದ್ದು ತಲೆಗೆ ಪೆಟ್ಟಾಗಿ, ವಾರಗಳ ನಂತರ ತಲೆಯೊಳಗೆ ರಕ್ತ ಕಟ್ಟಿಕೊಂಡಿದ್ದರೂ ಹೀಗಾಗುತ್ತದೆ. ಇವುಗಳಿಗೆ ಚಿಕಿತ್ಸೆ ಇದೆ. ಅದಕ್ಕೇ ರಕ್ತ ಪರೀಕ್ಷೆ, ತಲೆ ಸ್ಕ್ಯಾನ್ ಮಾಡಿಸುತ್ತಾರೆ. ಕಿವಿ ಮತ್ತು ಕಣ್ಣನ್ನೂ ಪರೀಕ್ಷೆ ಮಾಡಿಸಿ. ಕಿವಿ ಕೇಳಿಸದವರು ಉತ್ತರ ಕೊಡದಿದ್ದರೆ ಅದು ಮರೆವಲ್ಲ, ಅಲ್ವಾ?

ಇನ್ನೊಂದು ವಿಷಯ. ನಿನ್ನೆ ಮೊನ್ನೆಯವರೆಗೆ ಸರಿ ಇದ್ದವರು ಒಂದೆರಡು ದಿನದಲ್ಲೇ ಪೂರ್ತಿ ಗೊಂದಲಕ್ಕೆ ಬಿದ್ದರೆ ಕಾಯಬೇಡಿ. ಅದು ಮೂತ್ರದ ಸೋಂಕು, ನ್ಯುಮೋನಿಯಾ, ಸ್ಟ್ರೋಕ್ ಅಥವಾ ನೀರಿನಂಶ ಕಡಿಮೆಯಾಗಿದ್ದರಿಂದ ಇರಬಹುದು. ಅವತ್ತೇ ಆಸ್ಪತ್ರೆಗೆ ಹೋಗಬೇಕು. ಡಿಮೆನ್ಷಿಯಾ ಈಗಾಗಲೇ ಇದ್ದವರಲ್ಲೂ ಈ ಮಾತು ನಿಜ.

ಎಲ್ಲಿಗೆ ಹೋಗಬೇಕು? ನರರೋಗ ತಜ್ಞರು, ಮನೋವೈದ್ಯರು, ಹಿರಿಯರ ಕಾಯಿಲೆಗಳ ತಜ್ಞರು, ಮೂವರೂ ಇದನ್ನು ನೋಡುತ್ತಾರೆ. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ಇದಕ್ಕೆಂದೇ ವಿಭಾಗಗಳಿವೆ. ಆದರೆ ಎಲ್ಲರೂ ಬೆಂಗಳೂರಿಗೇ ಓಡಬೇಕಾಗಿಲ್ಲ. ನಿಮ್ಹಾನ್ಸ್ ಮತ್ತು ರಾಜ್ಯ ಸರ್ಕಾರ ಸೇರಿ 2022ರಲ್ಲಿ ಕರ್ನಾಟಕ ಬ್ರೈನ್ ಹೆಲ್ತ್ ಇನಿಷಿಯೇಟಿವ್ ಶುರು ಮಾಡಿದವು. ಕೋಲಾರ, ಚಿಕ್ಕಬಳ್ಳಾಪುರ ಮತ್ತು ಬೆಂಗಳೂರಿನಲ್ಲಿ ಆರಂಭವಾದ ಬ್ರೈನ್ ಹೆಲ್ತ್ ಕ್ಲಿನಿಕ್‌ಗಳು ಆಮೇಲೆ ಬೇರೆ ಜಿಲ್ಲೆಗಳಿಗೂ ಬಂದವು. ನಿಮ್ಮ ಜಿಲ್ಲಾ ಆಸ್ಪತ್ರೆಯಲ್ಲಿ ವಿಚಾರಿಸಿ.

ನೆನಪಿನ ಪರೀಕ್ಷೆಯನ್ನು ಅವರಿಗೆ ಬರುವ ಭಾಷೆಯಲ್ಲೇ ಮಾಡಲು ಕೇಳಿ. ಶಾಲೆಗೆ ಹೋಗದ ಅಜ್ಜಿಗೆ ಗಡಿಯಾರದ ಚಿತ್ರ ಬರೆಯಲು ಬರಲಿಲ್ಲ ಎಂದರೆ ಅದು ಕಾಯಿಲೆಯ ಗುರುತಾಗದು. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ (ಐಸಿಎಂಆರ್) ತಯಾರಿಸಿದ ಪರೀಕ್ಷೆಗಳು ಕನ್ನಡದಲ್ಲೂ ಇವೆ. ಮನೆಮಾತು ತುಳು, ಕೊಂಕಣಿ, ಉರ್ದು ಆಗಿದ್ದರೆ ಅದನ್ನೂ ಹೇಳಿ.

ಔಷಧಿ ಬಗ್ಗೆ ಸ್ವಲ್ಪ. ಡೊನೆಪೆಜಿಲ್, ರಿವಾಸ್ಟಿಗ್ಮಿನ್, ಮೆಮಾಂಟಿನ್ ಸಾಮಾನ್ಯವಾಗಿ ಬರೆಯುವ ಔಷಧಿಗಳು. ಕೆಲವರಿಗೆ ಸ್ವಲ್ಪ ಕಾಲ ಅನುಕೂಲವಾಗುತ್ತದೆ. ಹೋದ ನೆನಪು ಇದರಿಂದ ಮರಳಿ ಬರುವುದಿಲ್ಲ. ವಾಕರಿಕೆ, ಊಟ ಸೇರದಿರುವುದು, ನಾಡಿ ನಿಧಾನವಾಗುವುದು ಕಂಡರೆ ಡಾಕ್ಟರಿಗೆ ಹೇಳಿ. ಬಿಪಿ, ಶುಗರ್ ಹತೋಟಿಯಲ್ಲಿಡುವುದು ಈ ಮಾತ್ರೆಗಳಷ್ಟೇ ಮುಖ್ಯ, ಅದರಲ್ಲೂ ಸ್ಟ್ರೋಕ್ ಆದ ಮೇಲೆ ಬಂದ ಡಿಮೆನ್ಷಿಯಾದಲ್ಲಿ. ‘ನೂರಕ್ಕೆ ನೂರು ವಾಸಿ’ ಎಂದು ಜಾಹೀರಾತು ಹಾಕುವವರಿಗೆ ದುಡ್ಡು ಸುರಿಯಬೇಡಿ. ಆ ದುಡ್ಡು ಮುಂದೆ ಬೇಕಾಗುತ್ತದೆ.

2. ಕಾಗದಪತ್ರ: ಅವರು ತಾವೇ ತಿಳಿದು ಸಹಿ ಮಾಡುವಾಗಲೇ

ಇದನ್ನು ಎರಡನೆಯದಾಗಿ ಇಟ್ಟಿರುವುದಕ್ಕೆ ಕಾರಣ ಇದೆ. ಇದನ್ನು ಆಮೇಲೆ ಮಾಡಲು ಆಗುವುದೇ ಇಲ್ಲ.

ಬಹಳ ಮನೆಗಳಲ್ಲಿ ‘ಒಂದು ಪವರ್ ಆಫ್ ಅಟಾರ್ನಿ ಮಾಡಿಸಿದರೆ ಸಾಕು’ ಎಂದುಕೊಳ್ಳುತ್ತಾರೆ. ನಮ್ಮ ಕಾಂಟ್ರ್ಯಾಕ್ಟ್ ಕಾಯ್ದೆಯ ಪ್ರಕಾರ, ಕೊಟ್ಟವರಿಗೆ ಬುದ್ಧಿ ಸ್ಥಿಮಿತ ತಪ್ಪಿದರೆ ಆ ಅಧಿಕಾರವೂ ಮುಗಿದಂತೆ. ಅಂದರೆ ನಿಮಗೆ ನಿಜವಾಗಿ ಬೇಕಾದ ಹೊತ್ತಿನಲ್ಲೇ ಅದು ಕೆಲಸಕ್ಕೆ ಬರುವುದಿಲ್ಲ. ಆಮೇಲೆ ಪಾಲಕರನ್ನು ನೇಮಿಸಿ ಎಂದು ಹೈಕೋರ್ಟಿಗೆ ಹೋಗಬೇಕಾಗುತ್ತದೆ. ಆದ್ದರಿಂದ ರೋಗ ಗೊತ್ತಾದ ಕೂಡಲೇ ವಕೀಲರೊಬ್ಬರ ಜೊತೆ ಕೂತು ಇಷ್ಟನ್ನು ನೋಡಿ: ಬ್ಯಾಂಕ್ ಖಾತೆಗಳಿಗೆ ಜಂಟಿ ಹೆಸರು ಮತ್ತು ನಾಮಿನಿ, ಪಿಂಚಣಿ ಖಾತೆಯ ವಿವರ, ಎಲ್‌ಐಸಿ, ಜಮೀನಿನ ಪಹಣಿ, ಮನೆ ಖಾತೆ, ಉಯಿಲು. ಉಯಿಲು ಬರೆಯುವ ದಿನ ಅವರಿಗೆ ತಿಳುವಳಿಕೆ ಇತ್ತು ಎಂದು ಡಾಕ್ಟರ ಪ್ರಮಾಣಪತ್ರ ಇದ್ದರೆ, ನಾಳೆ ಅಣ್ಣತಮ್ಮಂದಿರ ಜಗಳ ಕೋರ್ಟಿಗೆ ಹೋದಾಗ ನೆರವಾಗುತ್ತದೆ.

ಮುಂದೆ ತಮಗೆ ಯಾವ ಚಿಕಿತ್ಸೆ ಬೇಕು, ಯಾವುದು ಬೇಡ ಎಂದು ಈಗಲೇ ಬರೆದಿಡುವ ಅವಕಾಶವೂ ಇದೆ. ಸುಪ್ರೀಂ ಕೋರ್ಟ್ 2018ರಲ್ಲಿ ಇದನ್ನು ಒಪ್ಪಿತು, 2023ರಲ್ಲಿ ನಿಯಮ ಸರಳ ಮಾಡಿತು. ಇಬ್ಬರು ಸಾಕ್ಷಿಗಳ ಎದುರು ಸಹಿ ಮಾಡಿ, ನೋಟರಿ ಅಥವಾ ಗೆಜೆಟೆಡ್ ಅಧಿಕಾರಿಯಿಂದ ದೃಢಪಡಿಸಿದರೆ ಸಾಕು. 2025ರಲ್ಲಿ ಕರ್ನಾಟಕದ ಆರೋಗ್ಯ ಇಲಾಖೆಯೂ ಈ ಬಗ್ಗೆ ಆದೇಶ ಹೊರಡಿಸಿದೆ. ಈ ಮಾತು ಎತ್ತಲು ಮನಸ್ಸಿಗೆ ಕಷ್ಟವಾಗುತ್ತದೆ. ಆದರೂ ಎತ್ತಿ. ಹೆಚ್ಚಿನ ಹಿರಿಯರು ಇಂಥ ವಿಷಯದಲ್ಲಿ ನಮಗಿಂತ ಧೈರ್ಯವಾಗಿ ಮಾತಾಡುತ್ತಾರೆ.

ಈ ಹೊತ್ತಿನಲ್ಲೇ ಸಹಿ ಹಾಕಿಸಿಕೊಳ್ಳಲು ಬರುವವರೂ ಇರುತ್ತಾರೆ. ನೋಡಿಕೊಳ್ಳುತ್ತೇನೆ ಎಂಬ ಷರತ್ತಿನ ಮೇಲೆ ಆಸ್ತಿಯನ್ನು ದಾನಪತ್ರ ಮಾಡಿಸಿಕೊಂಡು ಆಮೇಲೆ ಕೈಬಿಟ್ಟರೆ, 2007ರ ಹಿರಿಯ ನಾಗರಿಕರ ಕಾಯ್ದೆಯಡಿ ಉಪವಿಭಾಗಾಧಿಕಾರಿಯ ನ್ಯಾಯಮಂಡಳಿಗೆ ಹೋಗಿ ಆ ಪತ್ರ ರದ್ದು ಮಾಡಿಸಬಹುದು. ಷರತ್ತನ್ನು ಪತ್ರದಲ್ಲೇ ಬರೆಸಿದ್ದರೆ ಕೆಲಸ ಸುಲಭ. ಫೋನಿನಲ್ಲಿ ಒಟಿಪಿ ಕೇಳುವ ಕಳ್ಳರಿಂದಲೂ ಕಾಪಾಡಬೇಕು. ಹಿರಿಯರ ಕೈಯಲ್ಲಿರುವ ಖಾತೆಯಲ್ಲಿ ಸಣ್ಣ ಮೊತ್ತ ಮಾತ್ರ ಬಿಡಿ.

3. ಯಾರು ಏನು ಮಾಡುತ್ತಾರೆ ಎಂದು ಕೂತು ಮಾತಾಡಿ

ನನ್ನ ಮಟ್ಟಿಗೆ ಇದೇ ಎಲ್ಲಕ್ಕಿಂತ ದೊಡ್ಡ ಹಂತ. ಯಾರೂ ಮಾತಾಡದಿದ್ದರೆ ಏನಾಗುತ್ತದೆ ಎಂದು ನಮಗೆಲ್ಲ ಗೊತ್ತು. ಮನೆಯಲ್ಲಿರುವ ಸೊಸೆಯ ಮೇಲೆ, ಇಲ್ಲವೇ ಮದುವೆಯಾಗದ ಮಗಳ ಮೇಲೆ, ಇಲ್ಲವೇ ತಾನೂ ವಯಸ್ಸಾದ ಹೆಂಡತಿಯ ಮೇಲೆ ಎಲ್ಲವೂ ಬೀಳುತ್ತದೆ. ಅವಳು ಕೆಲಸ ಬಿಡುತ್ತಾಳೆ. ಮದುವೆ ಮುಂಜಿಗೆ ಹೋಗುವುದು ನಿಲ್ಲುತ್ತದೆ. ರಾತ್ರಿ ನಿದ್ದೆ ಇಲ್ಲ. ಅವಳಿಗೇ ಬಿಪಿ, ಸೊಂಟ ನೋವು, ಖಿನ್ನತೆ ಶುರುವಾಗುತ್ತದೆ. ಉಳಿದವರು ಭಾನುವಾರ ಬಂದು, ಹಣ್ಣು ಕೊಟ್ಟು, ‘ಅಮ್ಮ ಸೊರಗಿಹೋಗಿದ್ದಾರೆ’ ಎಂದು ಹೇಳಿ ಹೋಗುತ್ತಾರೆ.

ಎಲ್ಲ ಮಕ್ಕಳನ್ನೂ ಸೇರಿಸಿ, ದೂರ ಇರುವವರನ್ನು ವಿಡಿಯೊ ಕಾಲ್‌ನಲ್ಲಿ ಕೂರಿಸಿ. ಡಾಕ್ಟರ ಚೀಟಿ ಮುಂದಿಡಿ. ದುಡ್ಡು ಯಾರು, ಆಸ್ಪತ್ರೆಗೆ ಯಾರು, ರಾತ್ರಿ ಯಾರು, ವಾರಕ್ಕೆ ಒಂದೂವರೆ ದಿನ ನೋಡಿಕೊಳ್ಳುವವರಿಗೆ ಬಿಡುವು ಕೊಡುವವರು ಯಾರು, ಎಲ್ಲವನ್ನೂ ಬರೆಯಿರಿ. ಅಮೆರಿಕದಲ್ಲೋ ದುಬೈನಲ್ಲೋ ಇರುವ ಮಗ ಹೋಮ್ ನರ್ಸ್ ಖರ್ಚು ಹೊರಬಹುದು, ಔಷಧಿ ಆನ್‌ಲೈನಿನಲ್ಲಿ ತರಿಸಬಹುದು, ದಿನಾ ಅಮ್ಮನ ಜೊತೆ ಅರ್ಧ ಗಂಟೆ ಮಾತಾಡಬಹುದು. ‘ನಾಲ್ಕು ತಿಂಗಳು ಇಲ್ಲಿ ಕರೆಸಿಕೊಳ್ಳುತ್ತೇನೆ’ ಎಂದರೆ ಮಾತ್ರ ಡಾಕ್ಟರನ್ನು ಕೇಳದೆ ಒಪ್ಪಬೇಡಿ. ಉದ್ದದ ವಿಮಾನ ಪ್ರಯಾಣ, ಹಗಲು ರಾತ್ರಿ ಅದಲುಬದಲು, ಗುರುತಿಲ್ಲದ ಮನೆ, ಇದರಿಂದ ಗೊಂದಲ ಒಂದೇ ಸಲ ಹೆಚ್ಚಾಗಬಹುದು.

ತಿಂಗಳಿಗೊಬ್ಬ ಮಗನ ಮನೆ ಎಂಬ ಪದ್ಧತಿಗೂ ಇದೇ ಮಾತು. ಮಕ್ಕಳ ಲೆಕ್ಕಕ್ಕೆ ಅದು ನ್ಯಾಯವಾಗಿ ಕಾಣುತ್ತದೆ. ಬಚ್ಚಲು ಎಲ್ಲಿದೆ ಎಂದು ಪ್ರತಿ ತಿಂಗಳೂ ಹೊಸದಾಗಿ ಹುಡುಕಬೇಕಾದವರಿಗೆ ಅದು ಹಿಂಸೆ. ಹಿರಿಯರು ಒಂದೇ ಮನೆಯಲ್ಲಿರಲಿ, ಸರದಿಯ ಮೇಲೆ ಮಕ್ಕಳು ಬರಲಿ.

ಇನ್ನು ಯಾರೂ ಹೇಳಿಕೊಳ್ಳದ ನೋವು. ‘ಸೊಸೆ ಊಟ ಹಾಕುವುದಿಲ್ಲ’, ‘ನನ್ನ ಬಳೆ ಕದ್ದಳು’ ಎಂದು ಅವರು ಬಂದವರ ಹತ್ತಿರ ಹೇಳುತ್ತಾರೆ. ಅವರು ಸುಳ್ಳು ಹೇಳುತ್ತಿಲ್ಲ. ಊಟ ಮಾಡಿದ್ದು ನೆನಪಿಲ್ಲ, ಬಳೆ ಎತ್ತಿಟ್ಟಿದ್ದು ನೆನಪಿಲ್ಲ. ಇಲ್ಲದ ನೆನಪಿನ ಜಾಗದಲ್ಲಿ ಮನಸ್ಸು ಒಂದು ಕಾರಣ ಹುಡುಕಿಕೊಳ್ಳುತ್ತದೆ. ಹತ್ತಿರ ಇರುವವರ ಮೇಲೆಯೇ ಆ ಕಾರಣ ಬೀಳುತ್ತದೆ. ಆದರೆ ನೆಂಟರು ನಂಬುತ್ತಾರೆ. ಎಷ್ಟೋ ಸಂಸಾರಗಳಲ್ಲಿ ಗಂಡನೇ ಹೆಂಡತಿಯನ್ನು ಅನುಮಾನದಿಂದ ನೋಡಿದ್ದಾನೆ. ಇದಕ್ಕೆ ಒಂದೇ ದಾರಿ: ರೋಗ ಗೊತ್ತಾದ ತಕ್ಷಣ ಮಗನೇ ಎಲ್ಲ ನೆಂಟರಿಗೂ ಫೋನ್ ಮಾಡಿ ಹೇಳಬೇಕು. ‘ಅಮ್ಮನಿಗೆ ಮಿದುಳಿನ ಕಾಯಿಲೆ ಇದೆ. ಹೀಗೆಲ್ಲ ಹೇಳುತ್ತಾರೆ. ನೀವು ಕೇಳಿಸಿಕೊಳ್ಳಿ, ನಂಬಬೇಡಿ.’ ಈ ಫೋನನ್ನು ಸೊಸೆಯಿಂದ ಮಾಡಿಸಬೇಡಿ. ಆರೋಪ ಹೊತ್ತವಳೇ ಸಮಜಾಯಿಷಿ ಕೊಟ್ಟರೆ ಯಾರೂ ನಂಬುವುದಿಲ್ಲ.

4. ಮನೆ ಮತ್ತು ದಿನಚರಿ

ಬಚ್ಚಲಿನಿಂದ ಶುರು ಮಾಡಿ. ಹಿಡಿದುಕೊಳ್ಳಲು ಕಂಬಿ, ಜಾರದ ಮ್ಯಾಟ್, ಕೂತು ಸ್ನಾನ ಮಾಡಲು ಪ್ಲಾಸ್ಟಿಕ್ ಕುರ್ಚಿ. ಒಳಗಿನ ಚಿಲಕ ತೆಗೆಸಿ. ರಾತ್ರಿ ಮಂಚದಿಂದ ಬಚ್ಚಲಿಗೆ ಹೋಗುವ ದಾರಿಯಲ್ಲಿ ಸಣ್ಣ ದೀಪ ಇರಲಿ. ಅಡುಗೆಮನೆಯಲ್ಲಿ ಯಾರೂ ಇಲ್ಲದಾಗ ಗ್ಯಾಸ್ ರೆಗ್ಯುಲೇಟರ್ ಆಫ್ ಮಾಡಿ. ಫಿನಾಯಿಲ್, ಹೊಲಕ್ಕೆ ಹೊಡೆಯುವ ಔಷಧಿ, ಮಾತ್ರೆ ಡಬ್ಬಿ, ಎಲ್ಲಕ್ಕೂ ಬೀಗ.

ಏಳುವುದು, ಸ್ನಾನ, ತಿಂಡಿ, ನಡಿಗೆ, ಊಟ, ಎಲ್ಲ ದಿನವೂ ಒಂದೇ ಹೊತ್ತಿಗೆ ನಡೆಯಲಿ. ಕೈಗೆ ಕೆಲಸ ಕೊಡಿ. ನೆನಪು ಹೋದರೂ ಕೈಯ ಅಭ್ಯಾಸ ಬಹಳ ಕಾಲ ಉಳಿಯುತ್ತದೆ. ಸೊಪ್ಪು ಬಿಡಿಸುವುದು, ಅವರೆಕಾಯಿ ಸುಲಿಯುವುದು, ಹೂಬತ್ತಿ ಹೊಸೆಯುವುದು, ಬಟ್ಟೆ ಮಡಿಸುವುದು. ನಮ್ಮ ಅತ್ತೆಯವರಿಗೆ ಮೊಮ್ಮಕ್ಕಳ ಹೆಸರು ಮರೆತಿತ್ತು. ಮಲ್ಲಿಗೆ ಮೊಗ್ಗು ಮುಂದಿಟ್ಟರೆ ಒಂದೂ ಬಿಡದೆ ಕಟ್ಟುತ್ತಿದ್ದರು. ಸೊಪ್ಪು ಸರಿಯಾಗಿ ಬಿಡಿಸದಿದ್ದರೂ ಅವರ ಎದುರು ಮತ್ತೆ ಬಿಡಿಸಬೇಡಿ. ದೇವರನಾಮ, ವಚನ, ಅವರ ಕಾಲದ ಚಿತ್ರಗೀತೆ ಹಾಕಿ. ಮಾತು ನಿಂತ ಮೇಲೂ ಹಾಡಿನ ಸಾಲು ಬಾಯಿಗೆ ಬರುವವರಿದ್ದಾರೆ.

5. ವಾದ ಮಾಡಬೇಡಿ

‘ಈಗ ತಾನೇ ಹೇಳಿದೆನಲ್ಲ’ ಎಂಬ ಮಾತನ್ನು ಬಿಟ್ಟುಬಿಡಿ. ಅದರಿಂದ ನೆನಪು ಬರುವುದಿಲ್ಲ, ಭಯ ಮಾತ್ರ ಬರುತ್ತದೆ. ಒಂದು ಸಲಕ್ಕೆ ಒಂದೇ ವಿಷಯ ಹೇಳಿ. ‘ಏನು ತಿಂತೀರಿ?’ ಎನ್ನುವುದರ ಬದಲು ‘ಇಡ್ಲಿ ಕೊಡಲಾ, ಉಪ್ಪಿಟ್ಟು ಕೊಡಲಾ?’ ಎಂದು ಕೇಳಿ.

ಸಂಜೆಯಾದರೆ ಹಲವರಿಗೆ ತಳಮಳ ಜಾಸ್ತಿ. ‘ನಾನು ಮನೆಗೆ ಹೋಗಬೇಕು’ ಎಂದು ಸ್ವಂತ ಮನೆಯಲ್ಲೇ ನಿಂತು ಹೇಳುತ್ತಾರೆ. ಇದೇ ನಿಮ್ಮ ಮನೆ ಎಂದು ಸಾಧಿಸಬೇಡಿ. ‘ನಿಮ್ಮ ಮನೆ ಹೇಗಿತ್ತು? ಹಿತ್ತಲಲ್ಲಿ ಏನೇನು ಮರ ಇದ್ದವು?’ ಎಂದು ಕೇಳಿ. ಬೆಳಕಿರುವಾಗಲೇ ದೀಪ ಹಾಕಿ, ಸ್ವಲ್ಪ ನಡೆಸಿ. ತೀರಿಹೋದ ಗಂಡ ಎಲ್ಲಿ ಎಂದು ಕೇಳಿದಾಗಲೆಲ್ಲ ಸಾವಿನ ಸುದ್ದಿ ಹೇಳಿದರೆ ಅವರಿಗೆ ಪ್ರತಿಸಲವೂ ಅದು ಹೊಸ ಸಾವು.

ಸಿಟ್ಟು, ಹೊಡೆತ, ನಿದ್ದೆಯಿಲ್ಲದಿರುವುದು ಒಮ್ಮೆಲೇ ಹೆಚ್ಚಾದರೆ ಮೊದಲು ದೇಹ ನೋಡಿ. ಮಲಬದ್ಧತೆ, ಹಲ್ಲುನೋವು, ಉರಿಮೂತ್ರ, ಬಿಗಿಯಾದ ಬಟ್ಟೆ. ಅವರಿಗೆ ನೋವು ಎಂದು ಹೇಳಲು ಬರುವುದಿಲ್ಲ. ಶಾಂತವಾಗಲೆಂದು ಕೊಡುವ ಕೆಲವು ಮನೋರೋಗದ ಮಾತ್ರೆಗಳಿಂದ ಡಿಮೆನ್ಷಿಯಾ ಇರುವ ಹಿರಿಯರಲ್ಲಿ ಸ್ಟ್ರೋಕ್ ಮತ್ತು ಸಾವಿನ ಅಪಾಯ ಹೆಚ್ಚುತ್ತದೆ. ಕೆಲವೊಮ್ಮೆ ಬೇಕೇ ಆಗಬಹುದು. ಆಗ ‘ಎಷ್ಟು ದಿನ ಕೊಡಬೇಕು, ಯಾವಾಗ ನಿಲ್ಲಿಸಬೇಕು’ ಎಂದು ಡಾಕ್ಟರನ್ನು ಕೇಳಿ ಬರೆದುಕೊಳ್ಳಿ. ಹಳೆಯ ಚೀಟಿ ತೋರಿಸಿ ಮೆಡಿಕಲ್ ಅಂಗಡಿಯಿಂದ ತರುತ್ತಲೇ ಇರಬೇಡಿ.

6. ಬೀದಿಗೂ ಹೇಳಿ

ಬಚ್ಚಿಡಬೇಡಿ. ಪಕ್ಕದ ಮನೆಯವರು, ಕಿರಾಣಿ ಅಂಗಡಿ, ಆಟೋ ಸ್ಟ್ಯಾಂಡ್, ದೇವಸ್ಥಾನದ ಅರ್ಚಕರು, ಅಪಾರ್ಟ್‌ಮೆಂಟಿನ ಸೆಕ್ಯುರಿಟಿ, ಇವರೆಲ್ಲರಿಗೂ ಗೊತ್ತಿರಲಿ. ಹಿರಿಯರ ಜೇಬಿನಲ್ಲಿ ನಿಮ್ಮ ಫೋನ್ ನಂಬರಿನ ಚೀಟಿ, ಕೈಗೆ ನಂಬರು ಬರೆಸಿದ ಬಳೆ ಇರಲಿ. ಇತ್ತೀಚಿನ ಫೋಟೊ ನಿಮ್ಮ ಫೋನಿನಲ್ಲಿರಲಿ. ಕಾಣೆಯಾದರೆ ತಕ್ಷಣ 112ಕ್ಕೆ ಫೋನ್ ಮಾಡಿ. 24 ಗಂಟೆ ಕಾಯಬೇಕು ಎಂಬುದು ತಪ್ಪು ತಿಳುವಳಿಕೆ. ಹುಡುಕುವಾಗ ಅವರ ಹಳೆಯ ದಿನಗಳನ್ನು ನೆನೆಯಿರಿ: ಕೆಲಸ ಮಾಡಿದ ಕಚೇರಿ, ಮೊದಲಿದ್ದ ಬಾಡಿಗೆ ಮನೆ, ಊರಿಗೆ ಹೋಗುವ ಬಸ್ ಸ್ಟ್ಯಾಂಡ್.

7. ಹೊರಗಿನ ಸಹಾಯ, ಕೊನೆಯ ಹಂತ

ಹೋಮ್ ನರ್ಸ್ ಇಡುವಾಗ ಅವರ ಭಾಷೆ ಕೇಳಿ. ಕಾಯಿಲೆ ಬೆಳೆದಂತೆ ಹಿರಿಯರು ಆಮೇಲೆ ಕಲಿತ ಭಾಷೆಗಳನ್ನು ಬಿಟ್ಟು ಮನೆಮಾತಿಗೆ ಮರಳುವುದುಂಟು. ಅದು ಬರುವವರು ಸಿಕ್ಕರೆ ಅರ್ಧ ತೊಂದರೆ ಕಡಿಮೆ. ಮೊದಲ ದಿನಗಳಲ್ಲಿ ನೀವೂ ಜೊತೆಗಿರಿ. ಬೆಂಗಳೂರಿನಲ್ಲಿ ನೈಟಿಂಗೇಲ್ಸ್ ಮೆಡಿಕಲ್ ಟ್ರಸ್ಟ್‌ನಂಥ ಸಂಸ್ಥೆಗಳು ಹಗಲು ಆರೈಕೆ ಕೇಂದ್ರ ನಡೆಸುತ್ತವೆ. ಡಿಮೆನ್ಷಿಯಾ ಇಂಡಿಯಾ ಅಲಯನ್ಸ್‌ನ ಸಹಾಯವಾಣಿ 8585990990. ಹಿರಿಯರ ಯಾವುದೇ ಸಮಸ್ಯೆಗೆ ಎಲ್ಡರ್ ಲೈನ್ 14567. ನಿಮ್ಮ ಮನಸ್ಸೇ ಕುಸಿಯುತ್ತಿದ್ದರೆ ಟೆಲಿ ಮಾನಸ್ 14416, ಕನ್ನಡದಲ್ಲೇ ಮಾತಾಡಬಹುದು. ವೃದ್ಧಾಶ್ರಮಕ್ಕೋ ಆರೈಕೆ ಕೇಂದ್ರಕ್ಕೋ ಸೇರಿಸಬೇಕಾದ ಸ್ಥಿತಿ ಬಂದರೆ ಅದನ್ನು ಪಾಪ ಎಂದುಕೊಳ್ಳಬೇಡಿ. ರಾತ್ರಿಯಿಡೀ ಎದ್ದಿರುವ ಎಪ್ಪತ್ತು ಕೆಜಿಯ ಗಂಡನನ್ನು ಎತ್ತಲು ಎಪ್ಪತ್ತರ ಹೆಂಡತಿಯಿಂದ ಆಗುವುದಿಲ್ಲ.

ಕೊನೆಗೆ ನಡಿಗೆ ನಿಲ್ಲುತ್ತದೆ, ನುಂಗುವುದು ಕಷ್ಟವಾಗುತ್ತದೆ. ಮಲಗಿಸಿ ತಿನ್ನಿಸಲೇಬೇಡಿ. ನೇರವಾಗಿ ಕೂರಿಸಿ, ಚಿಕ್ಕ ಚಮಚದಲ್ಲಿ ರಾಗಿ ಗಂಜಿಯಂಥ ಮಂದವಾದ ಆಹಾರ ಕೊಡಿ. ತೆಳ್ಳಗಿನ ನೀರೇ ಬೇಗ ಗಂಟಲಿಗೆ ಸಿಕ್ಕಿಕೊಳ್ಳುತ್ತದೆ. ಊಟದ ನಂತರ ಅರ್ಧ ಗಂಟೆ ಕೂತೇ ಇರಲಿ. ಹಾಸಿಗೆ ಹುಣ್ಣಾಗದಂತೆ ಎರಡು ಗಂಟೆಗೊಮ್ಮೆ ಮಗ್ಗುಲು ಬದಲಿಸಿ. ಮೂಗಿನ ನಳಿಗೆ ಹಾಕುವ ಮಾತು ಬಂದಾಗ, ಈ ಹಂತದಲ್ಲಿ ಅದರಿಂದ ಏನು ಲಾಭ ಎಂದು ಬಿಡಿಸಿ ಕೇಳಿ. ಮುಂದುವರಿದ ಡಿಮೆನ್ಷಿಯಾದಲ್ಲಿ ನಳಿಗೆಯಿಂದ ಆಯಸ್ಸು ಹೆಚ್ಚುತ್ತದೆ ಎನ್ನಲು ಆಧಾರ ಸಿಕ್ಕಿಲ್ಲ. ಕೈತುತ್ತು, ಅವರು ತಿಂದಷ್ಟು ಸಾಕು ಎಂಬುದನ್ನೇ ಅನೇಕ ತಜ್ಞರು ಹೇಳುತ್ತಾರೆ. ಐಸಿಯುಗೆ ಒಯ್ಯಬೇಕೋ ಬೇಡವೋ ಎಂಬುದನ್ನು ಹಗಲು ಹೊತ್ತಿನಲ್ಲಿ, ಸಮಾಧಾನವಾಗಿ, ಮೊದಲೇ ತೀರ್ಮಾನಿಸಿ. ಮನೆಗೆ ಬಂದು ನೋಡುವ ಹತ್ತಿರದ ಡಾಕ್ಟರೊಬ್ಬರನ್ನು ಗೊತ್ತು ಮಾಡಿಟ್ಟುಕೊಳ್ಳಿ. ಮನೆಯಲ್ಲೇ ಸಾವಾದರೆ ಅವರ ಪ್ರಮಾಣಪತ್ರ ಬೇಕಾಗುತ್ತದೆ, 21 ದಿನದೊಳಗೆ ನೋಂದಣಿಯೂ ಆಗಬೇಕು.

ಕಾರ್ಯಗಳೆಲ್ಲ ಮುಗಿದ ಮೇಲೆ, ನೋಡಿಕೊಂಡವರನ್ನು ಡಾಕ್ಟರ ಹತ್ತಿರ ಕರೆದುಕೊಂಡು ಹೋಗಿ. ವರ್ಷಗಳಿಂದ ಮುಂದೂಡಿದ ಹಲ್ಲಿನ ನೋವು, ಕಣ್ಣಿನ ಪೊರೆ, ಸಕ್ಕರೆ ಪರೀಕ್ಷೆ, ಮುಟ್ಟಿನ ತೊಂದರೆ, ನಿದ್ದೆ, ಎಲ್ಲವನ್ನೂ ತೋರಿಸಿ. ಅವರು ‘ನನಗೇನಾಗಿದೆ’ ಅಂದರೂ ಬಿಡಬೇಡಿ.